ಗಂಧಕದ ಬುಗ್ಗೆಯ ನೀರು ಹೊಳೆಯನ್ನು ಸೇರುವಲ್ಲಿ ಏನಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಖನಿಜಯುಕ್ತ ಬುಗ್ಗೆಗಳ ಕುರಿತ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಟ್ಟು ಉತ್ತರಿಸಲಾಗಿದೆ. ಹೆಚ್ಚಿನವರ ಕುತೂಹಲವೆಲ್ಲ ಬುಗ್ಗೆಯ ಬಾಯಿಯ ಮೇಲೆಯೇ ಇರುತ್ತದೆ. ಗಂಧಕದ ಮುಂದಿನ ಹಾದಿ ತೀರ್ಮಾನವಾಗುವುದು ಆ ಬಾಯಿಯಿಂದ ಕೆಳಗಿನ ಕೆಲವೇ ಮೀಟರುಗಳಲ್ಲಿ, ಆಮ್ಲಜನಕವಿಲ್ಲದ ನೀರು ಆಮ್ಲಜನಕವಿರುವ ನೀರನ್ನು ಕೂಡುವ ಜಾಗದಲ್ಲಿ. ಉತ್ತರಗಳೂ ಹೆಚ್ಚಾಗಿ ಅಲ್ಲಿಯೇ ನಿಲ್ಲುತ್ತವೆ.

## ಮೊದಲು ತಿಳಿಯಬೇಕಾದದ್ದು

ಬುಗ್ಗೆಯ ನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಇದು ಗಂಧಕದ ವಾಸನೆಯೇ?

ಶುದ್ಧ ಗಂಧಕಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಮೂಗಿಗೆ ಹೊಡೆಯುವುದು ಗಂಧಕ ಮತ್ತು ಹೈಡ್ರೋಜನ್ ಸೇರಿ ಆದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಒಂದು ಲೀಟರ್ ನೀರಿನಲ್ಲಿ ಇದು 0.05ರಿಂದ 0.1 ಮಿಲಿಗ್ರಾಂ ಇದ್ದರೂ ರುಚಿ ಮತ್ತು ವಾಸನೆಯಿಂದ ಗೊತ್ತಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ವಾಸನೆ ಬಂತೆಂದ ಮಾತ್ರಕ್ಕೆ ನೀರಿನ ತುಂಬ ಸಲ್ಫೈಡ್ ಇದೆ ಎಂದು ತಿಳಿಯಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಮಾತೂ ಅಷ್ಟೇ ನಿಜ: ವಾಸನೆ ಕಡಿಮೆ ಇದ್ದರೂ ಸಲ್ಫೈಡ್ ಧಾರಾಳವಾಗಿರಬಹುದು. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ. ಒಂದು ಕರಗಿದ ಅನಿಲ, ಇನ್ನೊಂದು ವಿದ್ಯುದಂಶವುಳ್ಳ ಹೈಡ್ರೋಸಲ್ಫೈಡ್ ಅಯಾನು. ಗಾಳಿಗೆ ಹಾರಿ ಮೂಗನ್ನು ಮುಟ್ಟುವುದು ಮೊದಲನೆಯದು ಮಾತ್ರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟು ಆಮ್ಲ ಹೆಚ್ಚು) 7 ಇದ್ದಾಗ ಇವೆರಡೂ ಹೆಚ್ಚುಕಡಿಮೆ ಸಮಪಾಲು. ಪಿಎಚ್ 6 ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು ಅನಿಲ, ಪಿಎಚ್ 8 ಇದ್ದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಅನಿಲ.

ನೆಲದಡಿಯ ನೀರಿಗೆ ಇಷ್ಟೊಂದು ಗಂಧಕ ಎಲ್ಲಿಂದ ಬರುತ್ತದೆ? ಹತ್ತಿರದಲ್ಲಿ ಜ್ವಾಲಾಮುಖಿ ಇರಲೇಬೇಕೇ?

ಇರಬೇಕಾಗಿಲ್ಲ. ಜ್ವಾಲಾಮುಖಿ ಪ್ರದೇಶಗಳಲ್ಲಿ ಶಿಲಾರಸದಿಂದ ಹೊರಬಿದ್ದ ಗಂಧಕದ ಅನಿಲಗಳು ಅಂತರ್ಜಲವನ್ನು ಸೇರುವುದು ಹೌದು. ಆದರೆ ತಣ್ಣನೆಯ ಅಥವಾ ಉಗುರುಬೆಚ್ಚಗಿನ ಗಂಧಕದ ಬುಗ್ಗೆಗಳು ಬಹುಮಟ್ಟಿಗೆ ಪದರಶಿಲೆಗಳ ನಾಡಿನವು. ಹಿಂದೊಮ್ಮೆ ಆವಿಯಾಗಿ ಹೋದ ಸಮುದ್ರಗಳು ಬಿಟ್ಟುಹೋದ ಜಿಪ್ಸಮ್ ಎಂಬ ಖನಿಜದ ಪದರಗಳ ಮೂಲಕ ನೀರು ಹರಿದಾಗ ಅದರಲ್ಲಿನ ಸಲ್ಫೇಟ್, ಅಂದರೆ ಆಮ್ಲಜನಕದೊಂದಿಗೆ ಕೂಡಿದ ಗಂಧಕ, ಕರಗುತ್ತದೆ. ಜಿಪ್ಸಮ್ ಒಂದು ಲೀಟರ್ ಶುದ್ಧ ನೀರಿನಲ್ಲಿ ಎರಡೂವರೆ ಗ್ರಾಂನಷ್ಟು ಕರಗಬಲ್ಲದು, ಸುಣ್ಣಕಲ್ಲಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಪೈರೈಟ್‌ನಂಥ ಗಂಧಕಯುಕ್ತ ಖನಿಜಗಳು ಗಾಳಿ ಸೋಕಿ ಶಿಥಿಲವಾದಾಗಲೂ ಸಲ್ಫೇಟ್ ಹುಟ್ಟುತ್ತದೆ.

ಸಲ್ಫೇಟ್‌ಗೆ ವಾಸನೆ ಇಲ್ಲ. ಅದನ್ನು ಸಲ್ಫೈಡ್ ಮಾಡುವವು ಆಮ್ಲಜನಕವಿಲ್ಲದ ಆಳದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು. ನಾವು ಉಸಿರಾಟಕ್ಕೆ ಆಮ್ಲಜನಕವನ್ನು ಬಳಸುವ ಕಡೆ ಅವು ಸಲ್ಫೇಟನ್ನು ಬಳಸುತ್ತವೆ. ಅವುಗಳಿಗೆ ಆಹಾರವಾಗಿ ಶಿಲೆಯಲ್ಲಿ ಉಳಿದ ಜೈವಿಕ ಪದಾರ್ಥವೋ ಮೀಥೇನೋ ಹೈಡ್ರೋಜನ್ನೋ ಸಿಗಬೇಕು. ಕಲ್ಲೆಣ್ಣೆ ಮತ್ತು ಜಿಪ್ಸಮ್ ಜೊತೆಗಿರುವ ಪ್ರದೇಶಗಳಲ್ಲಿ ಗಂಧಕದ ಬುಗ್ಗೆಗಳು ಸಾಮಾನ್ಯವಾಗಿ ಕಾಣಸಿಗುವುದು ಇದೇ ಕಾರಣಕ್ಕೆ. ಜೀವಿಗಳು ಬದುಕಲಾಗದಷ್ಟು ಬಿಸಿಯಾದ ಆಳದಲ್ಲಿ ಇದೇ ಪರಿವರ್ತನೆ ಶಾಖದ ಬಲದಿಂದಲೇ ನಡೆಯುತ್ತದೆ.

ಬುಗ್ಗೆಯಿಂದ ಸ್ವಲ್ಪ ದೂರ ಹೋದರೆ ವಾಸನೆಯೇ ಇರುವುದಿಲ್ಲ. ಸಲ್ಫೈಡ್ ಎಲ್ಲಿ ಹೋಯಿತು?

ಈ ಪುಟದ ಮುಖ್ಯ ಪ್ರಶ್ನೆ ಇದು. "ಗಾಳಿ ತಾಗಿ ಉತ್ಕರ್ಷಣಗೊಂಡು ಸಲ್ಫೇಟ್ ಆಯಿತು" ಎಂಬ ಒಂದೇ ಸಾಲಿನ ಉತ್ತರ ಎಲ್ಲ ಕಡೆ ಸಿಗುತ್ತದೆ (ಉತ್ಕರ್ಷಣವೆಂದರೆ ಇಲ್ಲಿ ಆಮ್ಲಜನಕದೊಂದಿಗೆ ಕೂಡುವುದು). ಹಲವು ಬುಗ್ಗೆಗಳ ಮಟ್ಟಿಗೆ ಅದು ಅರ್ಧ ಸತ್ಯವೂ ಅಲ್ಲ.

ಹೊರಬಂದ ಸಲ್ಫೈಡ್‌ಗೆ ನಾಲ್ಕು ದಾರಿಗಳಿವೆ: ಅನಿಲವಾಗಿ ಗಾಳಿಗೆ ಹಾರಿಹೋಗಬಹುದು, ಆಮ್ಲಜನಕದೊಂದಿಗೆ ಕೂಡಿ ಗಂಧಕವೋ ಥಯೊಸಲ್ಫೇಟ್ ಎಂಬ ನಡುವಿನ ಸಂಯುಕ್ತವೋ ಸಲ್ಫೇಟೋ ಆಗಬಹುದು, ಕಬ್ಬಿಣದೊಂದಿಗೆ ಸೇರಿ ಕಪ್ಪು ಕೆಸರಾಗಿ ತಳ ಸೇರಬಹುದು, ಇಲ್ಲವೇ ಬ್ಯಾಕ್ಟೀರಿಯಾಗಳ ಮೈಯೊಳಗೆ ಗಂಧಕದ ಹರಳಾಗಿ ಕೂರಬಹುದು. ಯಾವ ದಾರಿಗೆ ಎಷ್ಟು ಪಾಲು ಎನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಕಲ್ಲುಗಳ ಮೇಲಿಂದ ಧುಮುಕುತ್ತ ತೆಳ್ಳಗೆ ಹರಿಯುವ ನೀರಿನಿಂದ ಅನಿಲ ಬೇಗ ಹಾರುತ್ತದೆ. ಆಳವಾಗಿ, ನಿಧಾನವಾಗಿ ಸಾಗುವ ಕಾಲುವೆಯಲ್ಲಿ ಹಾರುವುದು ಕಡಿಮೆ, ರಾಸಾಯನಿಕ ಕ್ರಿಯೆಗಳ ಪಾಲು ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಖನಿಜಯುಕ್ತ ಬುಗ್ಗೆಯ ನೀರು ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡನ್ನೂ ಹೊತ್ತು ತಂದಿರುತ್ತದೆ. ಮೇಲೆ ಬಂದೊಡನೆ ಅದು ಹೊರಹೋಗುವುದರಿಂದ ಪಿಎಚ್ ಏರುತ್ತದೆ, ಉಳಿದ ಸಲ್ಫೈಡ್ ವಾಸನೆಯಿಲ್ಲದ ಅಯಾನಿನ ರೂಪಕ್ಕೆ ಜಾರುತ್ತದೆ. ಮೂಗಿಗೆ ವಾಸನೆ ತಗ್ಗಿದಂತೆ ತೋರುವಾಗ ಸಲ್ಫೈಡ್‌ನ ಒಂದು ಭಾಗ ಇನ್ನೂ ನೀರಿನಲ್ಲಿಯೇ ಇರುತ್ತದೆ. ವಾಸನೆ ಹೋದದ್ದನ್ನೇ ಸಲ್ಫೈಡ್ ಮುಗಿದ ಗುರುತೆಂದು ಯಾರೂ ಬರೆದುಕೊಳ್ಳಬಾರದು.

ಬುಗ್ಗೆಯ ಕೆಳಗಿನ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗೆ, ಕೆಲವೊಮ್ಮೆ ನೀಲಿಯಾಗಿ ಕಾಣುವುದೇಕೆ?

ಸಲ್ಫೈಡ್ ಪೂರ್ತಿ ಉತ್ಕರ್ಷಣಗೊಳ್ಳದೆ ನಡುವಿನಲ್ಲಿ ನಿಂತಾಗ ಧಾತುರೂಪದ ಗಂಧಕದ ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಅವು ನೀರಿನಲ್ಲಿ ಕರಗುವುದೂ ಇಲ್ಲ, ಬೇಗ ತಳಕ್ಕೆ ಇಳಿಯುವುದೂ ಇಲ್ಲ. ತೀರ ಚಿಕ್ಕ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ನೀರಿಗೆ ನೀಲಿ ಛಾಯೆ ಬರುತ್ತದೆ, ಕಣಗಳು ದೊಡ್ಡವಾದಂತೆ ಬಣ್ಣ ಬೆಳ್ಳಗಾಗುತ್ತದೆ. ಹಳದಿ ಮಿಶ್ರಿತ ಹಸಿರು ಕಂಡರೆ ಗಂಧಕ ಮತ್ತು ಸಲ್ಫೈಡ್ ಸೇರಿ ಪಾಲಿಸಲ್ಫೈಡ್‌ಗಳಾಗಿವೆ ಎಂದು ಊಹಿಸಬಹುದು. ಬಿಳಿಯಾಗಿ ಕಾಣುವ ಇನ್ನೊಂದು ವಸ್ತು ಸುಣ್ಣದ ಹರಳು. ಒಂದು ತೊಟ್ಟು ದುರ್ಬಲ ಆಮ್ಲ ಹಾಕಿದಾಗ ನೊರೆಯೆದ್ದು ಕರಗಿದರೆ ಅದು ಸುಣ್ಣ, ಹಾಗೆಯೇ ಉಳಿದರೆ ಗಂಧಕ.

ಹರಿವಿನಲ್ಲಿ ಬಿಳಿ ನೂಲಿನಂಥದ್ದು, ನೇರಳೆ ಲೋಳೆ, ಕಪ್ಪು ಕೆಸರು ಕಾಣುತ್ತವೆ. ಇದೆಲ್ಲ ಕೊಳಕೇ?

ಕೊಳಕಲ್ಲ. ಅಲ್ಲಿನ ರಸಾಯನಕ್ರಿಯೆಯನ್ನು ಕಣ್ಣಿಗೆ ತೋರಿಸುವ ಗುರುತುಗಳವು. ಬುಗ್ಗೆಯ ಹರಿವಿನಲ್ಲಿ ಬಿದ್ದು ಕೆಲವು ದಿನ ಕಳೆದ ಎಲೆಯೊಂದನ್ನು ಮೆಲ್ಲಗೆ ಎತ್ತಿ ನೋಡಿ. ನೀರಿಗೆ ತೆರೆದುಕೊಂಡ ಮೇಲ್ಭಾಗದ ತುಂಬ ಹರಿವಿನ ದಿಕ್ಕಿಗೆ ಬಾಗಿ ತೊನೆಯುವ ಬಿಳಿ ಎಳೆಗಳಿರುತ್ತವೆ, ಕೆಸರಿಗೆ ಒತ್ತಿಕೊಂಡಿದ್ದ ಕೆಳಭಾಗ ಕಪ್ಪಾಗಿರುತ್ತದೆ. ಎಲೆಯ ದಪ್ಪದಷ್ಟು ಅಂತರದಲ್ಲಿ ಆಮ್ಲಜನಕವಿರುವ ಲೋಕ ಮುಗಿದು ಇಲ್ಲದ ಲೋಕ ಮೊದಲಾಗಿರುತ್ತದೆ.

ಬಿಳಿ ಎಳೆಗಳು ಥಯೊಥ್ರಿಕ್ಸ್, ಬೆಗ್ಗಿಯಾಟೋವಾ ಮುಂತಾದ ಬ್ಯಾಕ್ಟೀರಿಯಾಗಳು. ಅವುಗಳ ಬಿಳುಪು ಜೀವಕೋಶದೊಳಗೆ ಕೂಡಿಟ್ಟ ಗಂಧಕದ ಹರಳುಗಳದು. ಥಯೊಥ್ರಿಕ್ಸ್ ಒಂದು ತುದಿಯಿಂದ ಕಲ್ಲಿಗೋ ಎಲೆಗೋ ಅಂಟಿಕೊಂಡು ರಭಸದ ಹರಿವಿನಲ್ಲಿಯೂ ನಿಲ್ಲುತ್ತದೆ. ಬೆಗ್ಗಿಯಾಟೋವಾ ಅಂಟಿಕೊಳ್ಳದೆ ತೆವಳುತ್ತ, ನಿಂತ ನೀರಿನ ಕೆಸರಿನ ಮೇಲೆ ತನಗೆ ಬೇಕಾದ ಎತ್ತರವನ್ನು ತಾನೇ ಹುಡುಕಿಕೊಳ್ಳುತ್ತದೆ. ನೇರಳೆ ಮತ್ತು ಹಸಿರು ಲೋಳೆಗಳಲ್ಲಿ ಬೆಳಕನ್ನೂ ಸಲ್ಫೈಡನ್ನೂ ಬಳಸಿ, ಆಮ್ಲಜನಕವನ್ನು ಬಿಡದೆ ದ್ಯುತಿಸಂಶ್ಲೇಷಣೆ ನಡೆಸುವ ಕ್ರೋಮೇಷಿಯಂ, ಕ್ಲೋರೋಬಿಯಂ ವರ್ಗದವು ಇರಬಹುದು. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡ್‌ನದು. ಆ ಕೆಸರನ್ನು ಗಾಳಿಗೆ ಹರಡಿಟ್ಟರೆ ಕಪ್ಪು ಮಾಸಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ಈ ಅನಿಲದಿಂದ ಅಪಾಯವಿದೆಯೇ?

ತೆರೆದ ಬಯಲಿನ ಬುಗ್ಗೆಯ ಬಳಿ ಗಾಳಿಯಾಡುತ್ತಿದ್ದರೆ ಸಾಮಾನ್ಯವಾಗಿ ಇಲ್ಲ. ಗುಹೆ, ಮುಚ್ಚಿದ ಬುಗ್ಗೆಕಟ್ಟೆ, ತೊಟ್ಟಿ, ತಗ್ಗಿನ ಹಳ್ಳ ಇವುಗಳಲ್ಲಿ ಖಂಡಿತ ಇದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಸುಮಾರು ಶೇಕಡಾ 20ರಷ್ಟು ಭಾರವಾದ್ದರಿಂದ ತಗ್ಗಿನಲ್ಲಿ ತಂಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 100 ಭಾಗ ತಲುಪಿದಾಗ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ, 500 ಭಾಗ ದಾಟಿದರೆ ಮನುಷ್ಯ ಬೇಗನೆ ಪ್ರಜ್ಞೆ ತಪ್ಪಿ ಬೀಳಬಹುದು. ಇಂಥ ಜಾಗದಲ್ಲಿ ಗಾಢವಾಗಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತುಹೋದರೆ ಕೂಡಲೇ ಹೊರಗೆ ಬರಬೇಕು. ಒಳಗೆ ಕುಸಿದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಯಾರೂ ಇಳಿಯಬಾರದು. ಹಾಗೆ ಇಳಿದವರೂ ಸಾಯುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಂಡದ್ದು.

## ಎರಡು ನೀರು ಕೂಡುವ ಜಾಗ

ಸಲ್ಫೈಡ್ ಆಮ್ಲಜನಕದೊಂದಿಗೆ ತಾನಾಗಿಯೇ ಕೂಡುವುದಾದರೆ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಏನು ಕೆಲಸ?

ಕೂಡುವುದೇನೋ ನಿಜ, ಆದರೆ ನಿಧಾನ. ಆಮ್ಲಜನಕದಿಂದ ಸಂಪೃಕ್ತವಾದ, ಬೇರೇನೂ ಇಲ್ಲದ ನೀರಿನಲ್ಲಿ 25 ಡಿಗ್ರಿಯಲ್ಲಿ ಅರ್ಧದಷ್ಟು ಸಲ್ಫೈಡ್ ಕಳೆಯಲು ಒಂದೆರಡು ದಿನ ಬೇಕಾಗುತ್ತದೆ. ಕಬ್ಬಿಣ, ಮ್ಯಾಂಗನೀಸ್ ಇದ್ದರೆ ವೇಗ ಹೆಚ್ಚುತ್ತದೆ. ಆದರೂ ಬುಗ್ಗೆಯ ನೀರು ಹೊಳೆಯನ್ನು ಸೇರುವ ಕೆಲವು ನಿಮಿಷಗಳಲ್ಲಿ ಸಲ್ಫೈಡ್ ಮಾಯವಾಗುವುದನ್ನು ಈ ಲೆಕ್ಕ ವಿವರಿಸಲಾರದು. ಬಿಳಿ ಎಳೆಗಳ ಒಂದು ಹಾಸು ಅದೇ ಕೆಲಸವನ್ನು ಸಾವಿರಾರು ಪಟ್ಟು ವೇಗವಾಗಿ ಮಾಡಬಲ್ಲದು. ರಾಸಾಯನಿಕ ಕ್ರಿಯೆ ನಿಧಾನವಾಗಿರುವುದರಿಂದಲೇ ಈ ಜೀವಿಗಳಿಗೆ ಬದುಕಲು ಎಡೆ ಸಿಕ್ಕಿದೆ. ಅದು ಕ್ಷಣಮಾತ್ರದಲ್ಲಿ ಮುಗಿಯುವಂತಿದ್ದರೆ ಆ ಶಕ್ತಿಯನ್ನು ಹಿಡಿದಿಡಲು ಯಾರಿಗೂ ಅವಕಾಶವಿರುತ್ತಿರಲಿಲ್ಲ.

ಇದನ್ನು ಮೊದಲು ಕಂಡುಕೊಂಡವರು ರಷ್ಯಾದ ಸೆರ್ಗೆಯ್ ವಿನೊಗ್ರಾಡ್ಸ್ಕಿ. ಅವರು ಬೆಗ್ಗಿಯಾಟೋವಾದ ಎಳೆಗಳನ್ನು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಇರಿಸಿ, ಗಂಧಕಯುಕ್ತ ನೀರನ್ನು ಮತ್ತೆ ಮತ್ತೆ ಹರಿಸುತ್ತ ಗಮನಿಸಿದರು. ಸಲ್ಫೈಡ್ ಸಿಕ್ಕಾಗ ಎಳೆಯೊಳಗೆ ಗಂಧಕದ ಹರಳುಗಳು ತುಂಬಿಕೊಂಡವು. ಸಲ್ಫೈಡ್ ಇಲ್ಲದ ನೀರು ಕೊಟ್ಟಾಗ ಆ ಹರಳುಗಳು ಕರಗಿ, ಸುತ್ತಲಿನ ನೀರಿನಲ್ಲಿ ಸಲ್ಫೇಟ್ ಹುಟ್ಟಿತು. ಬೆಳಕಾಗಲೀ ಬೇರೆ ಜೀವಿಗಳ ಆಹಾರವಾಗಲೀ ಇಲ್ಲದೆ, ಖನಿಜವೊಂದರ ಉತ್ಕರ್ಷಣದಿಂದಲೇ ಜೀವವೊಂದು ಶಕ್ತಿ ಪಡೆಯಬಲ್ಲದು ಎಂಬ ತಿಳಿವು 1887ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ಬಂದದ್ದು. ರೊಮೇನಿಯಾದಲ್ಲಿ 1986ರಲ್ಲಿ ಪತ್ತೆಯಾದ ಮೊವಿಲೆ ಗುಹೆಯಲ್ಲಿ ಸಲ್ಫೈಡ್ ನೀರನ್ನು ನೆಚ್ಚಿದ ಇಂಥ ಸೂಕ್ಷ್ಮಜೀವಿಗಳ ಮೇಲೆ ಜೇಡ, ಜಿಗಣೆ, ಜಲಚೇಳುಗಳವರೆಗಿನ ಒಂದು ಇಡೀ ಜೀವಸಮುದಾಯವೇ ಸೂರ್ಯನ ಬೆಳಕಿಲ್ಲದೆ ನಿಂತಿದೆ.

ಉತ್ಕರ್ಷಣದಿಂದ ಗಂಧಕಾಮ್ಲ ಹುಟ್ಟುತ್ತದೆ ಎನ್ನುತ್ತಾರೆ. ಹಾಗಿದ್ದರೆ ಹೊಳೆಯ ನೀರು ಆಮ್ಲವಾಗಬೇಕಲ್ಲವೇ?

ಆಗುವ ಸಂದರ್ಭಗಳಿವೆ. ಸುಣ್ಣಕಲ್ಲಿನ ನಾಡಿನ ಬುಗ್ಗೆಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಲೀಟರ್‌ನಲ್ಲಿರುವ 10 ಮಿಲಿಗ್ರಾಂ ಹೈಡ್ರೋಜನ್ ಸಲ್ಫೈಡ್ ಪೂರ್ತಿಯಾಗಿ ಸಲ್ಫೇಟ್ ಆದರೆ ಹುಟ್ಟುವ ಆಮ್ಲವನ್ನು ತಣಿಸಲು ಸುಮಾರು 36 ಮಿಲಿಗ್ರಾಂ ಬೈಕಾರ್ಬೊನೇಟ್ ಸಾಕು. ಅಂಥ ಬುಗ್ಗೆಗಳ ನೀರಿನಲ್ಲಿ ಬೈಕಾರ್ಬೊನೇಟ್ ನೂರಾರು ಮಿಲಿಗ್ರಾಂ ಇರುವುದರಿಂದ ಪಿಎಚ್ ಹೆಚ್ಚು ಕದಲುವುದಿಲ್ಲ.

ನೀರಿನ ಮಟ್ಟಕ್ಕಿಂತ ಮೇಲಿನ ಬಂಡೆಯ ಕಥೆ ಬೇರೆ. ಇಟಲಿಯ ಫ್ರಸಾಸಿ ಗುಹೆಗಳಲ್ಲಿ ನೀರಿನಿಂದೆದ್ದ ಅನಿಲ ಒದ್ದೆ ಗೋಡೆಗಳಲ್ಲಿ ಕರಗಿ ಉತ್ಕರ್ಷಣಗೊಳ್ಳುತ್ತದೆ. ಅಲ್ಲಿನ ಗೋಡೆಗಳಿಂದ ಇಳಿಬಿದ್ದ ಬ್ಯಾಕ್ಟೀರಿಯಾ ಲೋಳೆಯ ಹನಿಗಳ ಪಿಎಚ್ 0 ಮತ್ತು 1ರ ನಡುವೆ ಇರುತ್ತದೆ. ಆ ಆಮ್ಲ ಸುಣ್ಣಕಲ್ಲನ್ನು ತಿಂದು ಜಿಪ್ಸಮ್ ಮಾಡುತ್ತದೆ, ಜಿಪ್ಸಮ್ ನೀರಿಗೆ ಬಿದ್ದು ಕರಗುತ್ತದೆ, ಗುಹೆ ದೊಡ್ಡದಾಗುತ್ತದೆ. ಅಮೆರಿಕದ ಕಾರ್ಲ್ಸ್‌ಬಾಡ್ ಗುಹೆಗಳ ಬೃಹತ್ ಕೋಣೆಗಳು ಹಿಂದೊಮ್ಮೆ ಕೊರೆಯಲ್ಪಟ್ಟದ್ದು ಇದೇ ಬಗೆಯಲ್ಲಿ.

ಬುಗ್ಗೆಯ ನೀರು ಸೇರಿದ ಕಡೆ ಮೀನುಗಳು ಸಾಯುತ್ತವೆಯೇ?

ಸಲ್ಫೈಡ್ ಮೀನಿಗೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಅದು ನೇರವಾದ ವಿಷ, ಏಕೆಂದರೆ ಜೀವಕೋಶಗಳು ಆಮ್ಲಜನಕವನ್ನು ಬಳಸುವ ಕೊನೆಯ ಹಂತದ ಕಿಣ್ವವನ್ನೇ ತಡೆಯುತ್ತದೆ. ಜೊತೆಗೆ ನೀರಿನ ಆಮ್ಲಜನಕವನ್ನೂ ಕಬಳಿಸುತ್ತದೆ. ಒಂದು ಮಿಲಿಗ್ರಾಂ ಹೈಡ್ರೋಜನ್ ಸಲ್ಫೈಡ್ ಸಲ್ಫೇಟ್ ಆಗಲು ಸುಮಾರು 1.9 ಮಿಲಿಗ್ರಾಂ ಆಮ್ಲಜನಕ ಬೇಕು, ಗಂಧಕದಲ್ಲಿಯೇ ನಿಂತರೆ ಅದರ ಕಾಲುಭಾಗ ಸಾಕು.

ಒಂದು ಕಲ್ಪಿತ ಉದಾಹರಣೆ: ಲೀಟರಿಗೆ 15 ಮಿಲಿಗ್ರಾಂ ಸಲ್ಫೈಡ್ ಇರುವ, ಆಮ್ಲಜನಕವೇ ಇಲ್ಲದ ಬುಗ್ಗೆಯ ನೀರು ಒಂದು ಪಾಲು, 8 ಮಿಲಿಗ್ರಾಂ ಆಮ್ಲಜನಕವಿರುವ ಹೊಳೆಯ ನೀರು ನಾಲ್ಕು ಪಾಲು. ಬೆರೆತ ಕೂಡಲೇ ಸಲ್ಫೈಡ್ 3 ಮಿಲಿಗ್ರಾಂ, ಆಮ್ಲಜನಕ 6.4 ಮಿಲಿಗ್ರಾಂ. ಅನಿಲ ಹಾರಿಹೋಗದೆ, ಗಾಳಿಯಿಂದ ಹೊಸ ಆಮ್ಲಜನಕವೂ ಕರಗದೆ ಎಲ್ಲವೂ ಸಲ್ಫೇಟ್ ಆದರೆ ಉಳಿಯುವ ಆಮ್ಲಜನಕ ಒಂದು ಮಿಲಿಗ್ರಾಂಗಿಂತ ಕಡಿಮೆ. ಮೀನುಗಳು ಬದುಕುವ ಮಟ್ಟ ಅದಲ್ಲ. ಸಲ್ಫೈಡ್ ಗಂಧಕದ ಹಂತದಲ್ಲಿಯೇ ನಿಂತರೆ 5 ಮಿಲಿಗ್ರಾಂ ಉಳಿಯುತ್ತದೆ. ಆ ಹಾಲುಬಣ್ಣದ ನೀರು ನೋಡಲು ಹೆದರಿಸುವಂತಿದ್ದರೂ ಆಮ್ಲಜನಕದ ಲೆಕ್ಕದಲ್ಲಿ ಹೊಳೆಗೆ ಕಡಿಮೆ ಭಾರ.

ಇಂಥ ನೀರಿಗೆ ಒಗ್ಗಿಕೊಂಡ ಮೀನುಗಳೂ ಇವೆ. ಮೆಕ್ಸಿಕೋದ ಟಬಾಸ್ಕೋ ಸೀಮೆಯ ಸಲ್ಫೈಡ್ ತೊರೆಗಳಲ್ಲಿ ಪೊಸೀಲಿಯಾ ಮೆಕ್ಸಿಕಾನಾ ಎಂಬ ಪುಟ್ಟ ಮೀನು ಬದುಕುತ್ತದೆ. ಕೆಲವು ತೊರೆಗಳಲ್ಲಿ ಅದರ ಉಸಿರಾಟದ ಕಿಣ್ವವೇ ಸಲ್ಫೈಡನ್ನು ತಾಳುವಂತೆ ಬದಲಾಗಿದೆ. ಪಕ್ಕದ ಸಿಹಿನೀರಿನ ತೊರೆಯಲ್ಲಿರುವ ಅದರ ಬಂಧುಗಳಿಗೂ ಇದಕ್ಕೂ ನಡುವೆ ಜಲಪಾತವಾಗಲೀ ಅಣೆಕಟ್ಟಾಗಲೀ ಇಲ್ಲ. ನೀರಿನ ರಸಾಯನವೇ ಗಡಿಯಾಗಿ ನಿಂತು ಒಂದು ಜಾತಿಯನ್ನು ಎರಡಾಗಿಸುತ್ತಿರುವುದನ್ನು ಅಲ್ಲಿ ನೋಡಬಹುದು. ಈ ವಿಷಯದಲ್ಲಿ ಇಷ್ಟು ಸೊಗಸಾದ ಉದಾಹರಣೆ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಳೆ ಬಂದರೆ ವಾಸನೆ ತಗ್ಗುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಬುಗ್ಗೆಯೇ ಬದಲಾಗುತ್ತದೆಯೇ?

ಆಳದಿಂದ ಬರುವ ಬುಗ್ಗೆಯ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆ. ಬದಲಾಗುವುದು ಬೆರಕೆಯ ಪ್ರಮಾಣ. ಮಳೆಯ ನಂತರ ಮೇಲ್ಪದರದ ಸಿಹಿನೀರು ಬುಗ್ಗೆಯ ದಾರಿಯಲ್ಲಿಯೇ ಸೇರಿಕೊಳ್ಳುತ್ತದೆ. ಹೊಳೆಯ ಮಟ್ಟ ಏರಿದಾಗ ಅದರ ನೀರು ತಳದ ಮರಳಿನೊಳಕ್ಕೆ, ಕೆಲವೊಮ್ಮೆ ಬುಗ್ಗೆಯ ಬಾಯಿಯೊಳಕ್ಕೇ ನುಗ್ಗಿ ಸಲ್ಫೈಡನ್ನು ಒಳಗೇ ಉತ್ಕರ್ಷಣಗೊಳಿಸುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ ಬುಗ್ಗೆಯ ಪಾಲು ಹೆಚ್ಚುತ್ತದೆ, ಬೆಚ್ಚನೆಯ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ.

ಬುಗ್ಗೆ ಕೆರೆಯ ಅಥವಾ ಸರೋವರದ ತಳದಲ್ಲಿಯೇ ಎದ್ದರೆ?

ಆಗ ಬೆರಕೆಯೇ ತಡವಾಗುತ್ತದೆ. ಲವಣಗಳಿಂದ ಭಾರವಾದ ನೀರು ಮೇಲಕ್ಕೆ ಏಳದೆ ತಳದಲ್ಲಿ ಹರಡಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಕಡಾಞೊ ಸರೋವರದಲ್ಲಿ ಜಿಪ್ಸಮ್ ಪದರ ದಾಟಿ ಬರುವ ತಳದ ಬುಗ್ಗೆಗಳಿಂದಾಗಿ ಕೆಳಗಿನ ಸಲ್ಫೈಡ್ ನೀರು ಮತ್ತು ಮೇಲಿನ ಸಿಹಿನೀರು ಎಂದೂ ಪೂರ್ತಿ ಬೆರೆಯುವುದಿಲ್ಲ. ಸುಮಾರು 12 ಮೀಟರ್ ಆಳದ ಗಡಿಯಲ್ಲಿ ಗಂಧಕದ ಬ್ಯಾಕ್ಟೀರಿಯಾಗಳು ನೀರನ್ನೇ ನಸುಗೆಂಪಾಗಿಸುವಷ್ಟು ದಟ್ಟವಾಗಿರುತ್ತವೆ.

ಉತ್ತರ ಅಮೆರಿಕದ ಹ್ಯುರಾನ್ ಸರೋವರದ ಮಿಡಲ್ ಐಲ್ಯಾಂಡ್ ಕುಳಿಯಲ್ಲಿ, 23 ಮೀಟರ್ ಆಳದಲ್ಲಿ, ಸಲ್ಫೇಟ್ ತುಂಬಿದ ಅಂತರ್ಜಲ ಮೇಲೇಳುತ್ತದೆ. ಅಲ್ಲಿನ ತಳದ ಹಾಸಿನಲ್ಲಿ ದಿನವೂ ಒಂದು ಸ್ಥಳಾಂತರ ನಡೆಯುತ್ತದೆ: ರಾತ್ರಿ ಗಂಧಕವನ್ನು ಉತ್ಕರ್ಷಿಸುವ ಬಿಳಿ ಬ್ಯಾಕ್ಟೀರಿಯಾಗಳು ಮೇಲೆ, ಬೆಳಕು ಬಂದಮೇಲೆ ಬೆಳಕಿನಿಂದ ಆಮ್ಲಜನಕ ಮಾಡಬಲ್ಲ ನೇರಳೆ ಸಯನೋಬ್ಯಾಕ್ಟೀರಿಯಾಗಳು ಮೇಲೆ. ಬೆಳಗಿನ ಹೊತ್ತು ಬಿಳಿಯವು ಸರಿಯುವವರೆಗೆ ಆಮ್ಲಜನಕದ ಉತ್ಪಾದನೆ ತಡವಾಗುತ್ತದೆ. ಹಿಂದೆ ಭೂಮಿಯ ದಿನ ಚಿಕ್ಕದಾಗಿದ್ದಾಗ ಆಮ್ಲಜನಕ ಏಕೆ ನಿಧಾನವಾಗಿ ಏರಿತು ಎಂಬುದಕ್ಕೆ ಇದೂ ಒಂದು ಕಾರಣವಿರಬಹುದೆಂಬ ವಾದವನ್ನು 2021ರಲ್ಲಿ ಸಂಶೋಧಕರು ಈ ಹಾಸನ್ನು ಅಧ್ಯಯನ ಮಾಡಿ ಮುಂದಿಟ್ಟರು.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಹೊಲದ ಗೊಬ್ಬರದಿಂದ ಬಂದ ನೈಟ್ರೇಟ್ ಹೊಳೆಯಲ್ಲಿದ್ದರೆ ಅದು ಸಲ್ಫೈಡನ್ನು ಏನು ಮಾಡುತ್ತದೆ?

ಆಮ್ಲಜನಕ ಮುಗಿದಲ್ಲಿ ಅದರ ಕೆಲಸವನ್ನು ನೈಟ್ರೇಟ್ ಮಾಡಬಲ್ಲದು. ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿ ಸಲ್ಫೈಡನ್ನು ಸಲ್ಫೇಟ್ ಮಾಡುತ್ತವೆ, ನೈಟ್ರೇಟ್ ಸಾರಜನಕ ಅನಿಲವಾಗಿ ಹೊರಹೋಗುತ್ತದೆ. ಐದು ಸಲ್ಫೈಡ್‌ಗೆ ಎಂಟು ನೈಟ್ರೇಟ್ ಇದರ ಅನುಪಾತ; ತೂಕದಲ್ಲಿ ಹೇಳುವುದಾದರೆ ಒಂದು ಮಿಲಿಗ್ರಾಂ ಹೈಡ್ರೋಜನ್ ಸಲ್ಫೈಡ್ ಸುಮಾರು 2.9 ಮಿಲಿಗ್ರಾಂ ನೈಟ್ರೇಟನ್ನು ಕಳೆಯುತ್ತದೆ. ಇದನ್ನು ಉಚಿತವಾದ ಶುದ್ಧೀಕರಣವೆಂದು ಸಂಭ್ರಮಿಸುವ ಮೊದಲು ಒಂದು ಮಾತು ಗಮನಿಸಬೇಕು. ಸಲ್ಫೈಡ್ ಹೆಚ್ಚಾದರೆ ಈ ಕ್ರಿಯೆಯ ಕೊನೆಯ ಹಂತ ತಡೆಯಲ್ಪಟ್ಟು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಉಳಿಯಬಹುದು. ನೈಟ್ರೇಟ್ ಹೊರಹೋಗುವ ಬದಲು ಅಮೋನಿಯಂ ಆಗಿ ನೀರಿನಲ್ಲಿಯೇ ಉಳಿಯುವ ದಾರಿಯೂ ತೆರೆದುಕೊಳ್ಳುತ್ತದೆ.

ಕಬ್ಬಿಣ, ರಂಜಕ, ಪಾದರಸ ಇವುಗಳಿಗೂ ಗಂಧಕಕ್ಕೂ ಏನು ನಂಟು?

ಕೆಸರಿನಲ್ಲಿರುವ ತುಕ್ಕುಬಣ್ಣದ ಕಬ್ಬಿಣದ ಸಂಯುಕ್ತಗಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡಿರುತ್ತವೆ. ಸಲ್ಫೈಡ್ ಬಂದು ಆ ಕಬ್ಬಿಣವನ್ನು ಅಪಕರ್ಷಿಸಿ (ಇದು ಉತ್ಕರ್ಷಣಕ್ಕೆ ವಿರುದ್ಧವಾದ ಕ್ರಿಯೆ) ಕಪ್ಪು ಸಲ್ಫೈಡ್ ಆಗಿ ಕಟ್ಟಿಹಾಕಿದರೆ ಫಾಸ್ಫೇಟ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ, ಪಾಚಿ ಬೆಳೆಯಲು ದಾರಿಯಾಗುತ್ತದೆ. ಹೊರಗಿನಿಂದ ರಂಜಕ ಬಾರದಿದ್ದರೂ ಸಲ್ಫೇಟ್ ಹೆಚ್ಚಿದ ಜಲಾಶಯಗಳಲ್ಲಿ ಪಾಚಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಸೀಸ, ಸತು, ಕ್ಯಾಡ್ಮಿಯಂಗಳನ್ನಾದರೋ ಸಲ್ಫೈಡ್ ಗಟ್ಟಿಯಾಗಿ ಹಿಡಿದು ತಳಕ್ಕೆ ಇಳಿಸುತ್ತದೆ.

ಪಾದರಸದ ವಿಷಯದಲ್ಲಿ ಎಚ್ಚರ ಬೇಕು. ಸಲ್ಫೇಟನ್ನು ಅಪಕರ್ಷಿಸುವ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಅದು ಮೀನುಗಳ ಮೈಯಲ್ಲಿ ಕೂಡಿಕೊಳ್ಳುತ್ತದೆ. ಸಲ್ಫೇಟ್ ಸಾಕಷ್ಟಿದ್ದು ಸಲ್ಫೈಡ್ ಇನ್ನೂ ಹೆಚ್ಚಾಗಿ ಸೇರಿಕೊಳ್ಳದ ಅಂಚಿನ ಕೆಸರಿನಲ್ಲಿ ಇದು ಹೆಚ್ಚು ನಡೆಯುತ್ತದೆ. ಎರಡು ನೀರು ಕೂಡುವ ವಲಯ ಅಂಥದೇ ಅಂಚು.

ಬುಗ್ಗೆಯ ಬಾಯಲ್ಲಿ ವಾಸನೆ ಇತ್ತು, ಆದರೆ ಪ್ರಯೋಗಾಲಯದ ವರದಿಯಲ್ಲಿ "ಸಲ್ಫೈಡ್ ಇಲ್ಲ" ಎಂದು ಬಂತು. ಹೇಗೆ?

ನೀರನ್ನು ಬರಿದೆ ಬಾಟಲಿಯಲ್ಲಿ ತುಂಬಿ ಒಯ್ದಿದ್ದರೆ ದಾರಿಯಲ್ಲಿಯೇ ಸಲ್ಫೈಡ್ ಹಾರಿಹೋಗಿರುತ್ತದೆ ಅಥವಾ ಉತ್ಕರ್ಷಣಗೊಂಡಿರುತ್ತದೆ. ಬುಗ್ಗೆಯ ಬಳಿಯಲ್ಲಿಯೇ ಸತುವಿನ ಅಸಿಟೇಟ್ ಸೇರಿಸಿ ಸಲ್ಫೈಡನ್ನು ಸತುವಿನ ಸಲ್ಫೈಡ್ ಆಗಿ ಹಿಡಿದಿಡಬೇಕು, ಗಾಳಿಗುಳ್ಳೆ ಉಳಿಯದಂತೆ ಬಾಟಲಿ ತುಂಬಬೇಕು. ಪಿಎಚ್, ಉಷ್ಣತೆ, ಕರಗಿದ ಆಮ್ಲಜನಕ ಈ ಮೂರನ್ನೂ ಸ್ಥಳದಲ್ಲಿಯೇ ಅಳೆಯಬೇಕು. ಆಮ್ಲಜನಕಕ್ಕೆ ವಿಂಕ್ಲರ್ ವಿಧಾನವೆಂಬ ರಾಸಾಯನಿಕ ಅಳತೆಯನ್ನು ಇಲ್ಲಿ ನೆಚ್ಚಬಾರದು. ಅದರಲ್ಲಿ ಹುಟ್ಟುವ ಅಯೋಡಿನ್ ಸಲ್ಫೈಡ್‌ನೊಂದಿಗೆ ಕೂಡಿ ಆಮ್ಲಜನಕವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಲ್ಫೈಡ್ ಅಳೆಯಲು ಮೆಥಿಲೀನ್ ನೀಲಿ ವಿಧಾನ ಎಲ್ಲ ಕಡೆ ರೂಢಿಯಲ್ಲಿದೆ. ಇದೆಯೋ ಇಲ್ಲವೋ ಎಂದಷ್ಟೇ ನೋಡಲು ಸೀಸದ ಅಸಿಟೇಟ್ ಕಾಗದ ಕಪ್ಪಾಗುವುದನ್ನು ಗಮನಿಸಿದರೆ ಸಾಕು.

ಬೆರೆತ ನೀರಿನಲ್ಲಿ ಬುಗ್ಗೆಯ ಪಾಲೆಷ್ಟು, ಸಲ್ಫೈಡ್ ಎಷ್ಟು ಕಳೆದಿದೆ ಎಂದು ಲೆಕ್ಕ ಹಾಕುವುದು ಹೇಗೆ?

ಯಾವುದರೊಂದಿಗೂ ಕೂಡದೆ ಹಾಗೆಯೇ ಉಳಿಯುವ ಕ್ಲೋರೈಡನ್ನು ಅಳತೆಗೋಲು ಮಾಡಿಕೊಳ್ಳಬೇಕು. ಹಿಂದಿನ ಕಲ್ಪಿತ ಬುಗ್ಗೆಯನ್ನೇ ತೆಗೆದುಕೊಳ್ಳೋಣ. ಬುಗ್ಗೆಯಲ್ಲಿ ಕ್ಲೋರೈಡ್ 200, ಹೊಳೆಯಲ್ಲಿ 10, ಬೆರೆತ ನೀರಿನಲ್ಲಿ 48 ಮಿಲಿಗ್ರಾಂ ಇದ್ದರೆ ಬುಗ್ಗೆಯ ಪಾಲು 190ರಲ್ಲಿ 38, ಅಂದರೆ ಐದರಲ್ಲೊಂದು. ಬುಗ್ಗೆಯ ಸಲ್ಫೇಟ್ 600, ಹೊಳೆಯದು 20 ಆಗಿದ್ದರೆ ಬರಿಯ ಬೆರಕೆಯಿಂದಲೇ 136 ಮಿಲಿಗ್ರಾಂ ಸಲ್ಫೇಟ್ ಬರುತ್ತದೆ. ಸಲ್ಫೈಡ್ 3 ಮಿಲಿಗ್ರಾಂ ಇರಬೇಕಿತ್ತು, ಅಳೆದಾಗ 0.5 ಸಿಕ್ಕಿತು ಎಂದರೆ ಕಳೆದದ್ದು 2.5. ಅದೆಲ್ಲ ಸಲ್ಫೇಟ್ ಆಗಿದ್ದರೆ ಸಲ್ಫೇಟ್ 7 ಮಿಲಿಗ್ರಾಂ ಏರಿ 143 ಆಗಿರಬೇಕು.

ತೊಡಕಿರುವುದು ಇಲ್ಲಿಯೇ. 136ಕ್ಕೂ 143ಕ್ಕೂ ಇರುವ ಅಂತರ ಶೇಕಡಾ 5ರಷ್ಟು ಮಾತ್ರ, ಸಲ್ಫೇಟ್ ಅಳತೆಯಲ್ಲಿ ನುಸುಳುವ ದೋಷವೂ ಹಲವು ಬಾರಿ ಅಷ್ಟೇ ಇರುತ್ತದೆ. ಸಲ್ಫೇಟ್ ಏರಿದ್ದು ಕಾಣಲಿಲ್ಲವೆಂದು ಸಲ್ಫೈಡೆಲ್ಲ ಗಾಳಿಗೆ ಹಾರಿತು ಎಂದು ಬರೆಯುವ ವರದಿಗಳಿಗೆ ಈ ಕಾರಣದಿಂದ ಆಧಾರ ಸಾಲದು. ಬುಗ್ಗೆಯ ನೀರು ಹೊಳೆಯ ಒಂದು ದಡವನ್ನೇ ಹಿಡಿದು ಬಹುದೂರ ಬೆರೆಯದೆ ಹರಿಯುವುದೂ ಉಂಟು. ಆದ್ದರಿಂದ ಮಾದರಿಗಳನ್ನು ಹೊಳೆಯ ಅಡ್ಡಗಲದುದ್ದಕ್ಕೂ ತೆಗೆಯಬೇಕು, ದಡದ ಒಂದೇ ಬಾಟಲಿಯನ್ನು ನಂಬಿ ಈ ಲೆಕ್ಕ ಮಾಡಬಾರದು.

ಹಾಗಾದರೆ ಹಾರಿದ ಗಂಧಕ ಎಷ್ಟು, ಸಲ್ಫೇಟ್ ಆದದ್ದು ಎಷ್ಟು ಎಂದು ಬೇರ್ಪಡಿಸಿ ತಿಳಿಯುವ ದಾರಿಯೇ ಇಲ್ಲವೇ?

ಐಸೊಟೋಪುಗಳಿವೆ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಗಂಧಕದ ಪರಮಾಣುಗಳಲ್ಲಿ 32 ತೂಕದವು ಬಹುಪಾಲು, 34 ತೂಕದವು ಶೇಕಡಾ 4ರಷ್ಟು. ಆಳದ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಅಪಕರ್ಷಿಸುವಾಗ ಹಗುರವಾದ ಪರಮಾಣುಗಳನ್ನು ಹೆಚ್ಚು ಬಳಸುವುದರಿಂದ ಸಲ್ಫೈಡ್ ಹಗುರವಾಗುತ್ತದೆ, ಉಳಿದ ಸಲ್ಫೇಟ್ ಭಾರವಾಗುತ್ತದೆ; ಎರಡರ ನಡುವಿನ ಅಂತರ ಸಾವಿರಕ್ಕೆ ಹಲವು ಹತ್ತು ಭಾಗಗಳಷ್ಟು ಬೆಳೆಯಬಹುದು. ಮೇಲೆ ಬಂದ ಸಲ್ಫೈಡ್ ಮತ್ತೆ ಸಲ್ಫೇಟ್ ಆಗುವಾಗ ಇಂಥ ಆಯ್ಕೆ ಬಹಳ ಕಡಿಮೆ, ಹಾಗಾಗಿ ಹೊಸ ಸಲ್ಫೇಟ್ ತನ್ನ ಹಗುರತನದ ಗುರುತನ್ನು ಉಳಿಸಿಕೊಂಡಿರುತ್ತದೆ.

ಮೇಲಿನ ಉದಾಹರಣೆಯಲ್ಲಿ ಬೆರಕೆಯ 136 ಮಿಲಿಗ್ರಾಂ ಸಲ್ಫೇಟ್‌ನ ಐಸೊಟೋಪ್ ಮೌಲ್ಯ (ಭಾರದ ಪರಮಾಣುಗಳ ಅನುಪಾತ ಒಂದು ಗೊತ್ತಾದ ಮಾನಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಲೆಕ್ಕ) ಸಾವಿರಕ್ಕೆ +20, ಸಲ್ಫೈಡ್‌ನದು -20 ಎಂದಿರಲಿ. ಕಳೆದ ಸಲ್ಫೈಡೆಲ್ಲ ಸಲ್ಫೇಟ್ ಆಗಿದ್ದರೆ ಒಟ್ಟು ಮೌಲ್ಯ +18ಕ್ಕೆ ಇಳಿಯುತ್ತದೆ. 2 ಮಿಲಿಗ್ರಾಂ ಸಲ್ಫೇಟ್ ಮಾತ್ರ ಹುಟ್ಟಿದ್ದರೆ +19.4ರಲ್ಲಿ ನಿಲ್ಲುತ್ತದೆ; ಏನೂ ಹುಟ್ಟದಿದ್ದರೆ +20ರಲ್ಲಿಯೇ ಇರುತ್ತದೆ. ಈ ಅಳತೆಯ ದೋಷ ಸಾಮಾನ್ಯವಾಗಿ ಸಾವಿರಕ್ಕೆ 0.2ರಿಂದ 0.3ರಷ್ಟೇ ಆದ್ದರಿಂದ, ಸಲ್ಫೇಟ್‌ನ ಪ್ರಮಾಣ ಹೇಳಲಾರದ್ದನ್ನು ಐಸೊಟೋಪ್ ಹೇಳುತ್ತದೆ. ಆದರೆ ಅದು ಹೇಳುವುದು ಸಲ್ಫೇಟ್ ಆದ ಪಾಲನ್ನು ಮಾತ್ರ. ಉಳಿದ ಪಾಲು ಗಾಳಿಗೆ ಹೋಯಿತೋ, ಬಿಳಿ ಎಳೆಗಳಲ್ಲಿ ಗಂಧಕವಾಗಿ ಕುಳಿತಿತೋ, ಕಪ್ಪು ಕೆಸರಾಯಿತೋ ಎಂದು ತಿಳಿಯಲು ತೊರೆಯ ಮೇಲಿನ ಗಾಳಿಯನ್ನೂ ತಳದ ಹಾಸನ್ನೂ ಕೆಸರನ್ನೂ ಅದೇ ದಿನ, ಅದೇ ಜಾಗದಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು.